18 ಮಕ್ಕಳ ಹೈಸ್ಕೂಲು, 180 ಮಕ್ಕಳ ಹೈಸ್ಕೂಲು: ಎರಡನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚಿಕ್ಕ ಶಾಲೆಗೆ. ಮಗಳನ್ನು ಅಲ್ಲಿಂದ ಬಿಡಿಸಿ ದೊಡ್ಡ ಶಾಲೆಗೆ ಹಾಕಿ, ಒಂದು ವರ್ಷಕ್ಕೇ ವಾಪಸ್ ಕರೆತಂದವನು ನಾನು. ಎರಡೂ ಸರ್ಕಾರಿ ಹೈಸ್ಕೂಲುಗಳೇ. ಕೊನೆಯ ತರಗತಿಯಲ್ಲಿ ಇಲ್ಲಿ 18 ಮಕ್ಕಳು, ಅಲ್ಲಿ 180.

ಬಿಡಿಸಿದ್ದು ಫಲಿತಾಂಶ ನೋಡಿ. ಚಿಕ್ಕ ಶಾಲೆಯದು ಒಂದೇ ವರ್ಷದಲ್ಲಿ ಶೇ. 94ರಿಂದ 78ಕ್ಕೆ ಬಿದ್ದಿತ್ತು. ದೊಡ್ಡದು 86ರ ಆಸುಪಾಸಿನಲ್ಲಿ ಅಲ್ಲಾಡದೆ ನಿಂತಿತ್ತು. ಗಾಬರಿಯಾಗಿ ಟಿಸಿ ತೆಗೆದುಕೊಂಡೆ.

ಲೆಕ್ಕ ಹಾಕಿದ್ದು ಆಮೇಲೆ. ಬುದ್ಧಿ ಯಾವಾಗಲೂ ತಡವಾಗಿಯೇ ಬರೋದು ಅಲ್ವಾ? 18ರಲ್ಲಿ 17 ಮಕ್ಕಳು ಪಾಸಾದರೆ ಶೇ. 94. 14 ಪಾಸಾದರೆ ಶೇ. 78. ನಾನು ಹೆದರಿದ ಕುಸಿತ ಎಂದರೆ ಬರೀ ಮೂರು ಮಕ್ಕಳು! ಒಬ್ಬರಿಗೆ ಜ್ವರ, ಒಬ್ಬರ ಮನೆಯಲ್ಲಿ ಗಲಾಟೆ, ಇನ್ನೊಬ್ಬರಿಗೆ ಗಣಿತ ಕೈಕೊಟ್ಟರೆ ಸಾಕು. ದೊಡ್ಡ ಶಾಲೆಯಲ್ಲಿ ಇನ್ನೂ ಮೂವರು ಫೇಲಾಗಿದ್ದರೆ ಶೇ. 2ರಷ್ಟೂ ಇಳಿಯುತ್ತಿರಲಿಲ್ಲ. ಹಿಂದಿನ ಐದು ವರ್ಷಗಳ ಫಲಿತಾಂಶವನ್ನೆಲ್ಲ ಒಟ್ಟು ಹಾಕಿ ನೋಡಿದೆ. ಎರಡು ಶಾಲೆಗೂ ಹೆಚ್ಚುಕಮ್ಮಿ ಒಂದೇ ಉತ್ತರ.

ಇದೇ ಗುಂಡಿಗೆ ದೊಡ್ಡವರೂ ಬಿದ್ದಿದ್ದಾರೆ, ನನ್ನ ಉಲ್ಟಾ ದಿಕ್ಕಿನಿಂದ. 2000ದ ನಂತರ ಬಿಲ್ ಗೇಟ್ಸ್ ಅವರ ದತ್ತಿ ಸಂಸ್ಥೆ ಗೇಟ್ಸ್ ಫೌಂಡೇಶನ್ ಅಮೆರಿಕದಲ್ಲಿ ಚಿಕ್ಕ ಹೈಸ್ಕೂಲುಗಳಿಗಾಗಿ ಕೋಟಿಗಟ್ಟಲೆ ಡಾಲರ್ ಸುರಿಯಿತು. ಒಳ್ಳೆಯ ಶಾಲೆಗಳ ಪಟ್ಟಿಯ ಮೇಲ್ತುದಿಯಲ್ಲಿ ಚಿಕ್ಕವು ಜಾಸ್ತಿ ಕಾಣುತ್ತಿದ್ದವು. ಕೆಳತುದಿಯಲ್ಲೂ ಅವೇ ಜಾಸ್ತಿ ಇರುತ್ತವೆ ಎಂದು ಸಂಖ್ಯಾಶಾಸ್ತ್ರಜ್ಞ ಹೋವರ್ಡ್ ವೈನರ್ 2007ರಲ್ಲಿ ವಿವರಿಸಿದರು. ಸಂಖ್ಯೆ ಚಿಕ್ಕದಿದ್ದರೆ ಶೇಕಡಾವಾರು ಹಾರಾಡುತ್ತದೆ, ಅಷ್ಟೆ.

ಹಾಗಾಗಿ ಚಿಕ್ಕ ಶಾಲೆ ನನಗೆ ಇಷ್ಟ ಆಗಿದ್ದು ಫಲಿತಾಂಶಕ್ಕಲ್ಲ.

ಲ್ಯಾಬು, ಆಟದ ತಂಡ, ಆರಿಸಿಕೊಳ್ಳಲು ವಿಷಯಗಳು: ದೊಡ್ಡ ಶಾಲೆಯೇ ಗೆದ್ದಿತು. ಚಿಕ್ಕದರಲ್ಲಿ ಒಂದೇ ಸೆಕ್ಷನ್, ಕೊಟ್ಟ ವಿಷಯ ಓದಬೇಕು.

ಆದರೆ ಮಗಳು ಎರಡು ದಿನ ಬರದಿದ್ದರೆ ಚಿಕ್ಕ ಶಾಲೆಯಿಂದ ಫೋನ್ ಬರುತ್ತಿತ್ತು. ದೊಡ್ಡದರಲ್ಲಿ ಅವಳು ಗಣಿತದಲ್ಲಿ ಹಿಂದೆ ಬಿದ್ದದ್ದು ನಮಗೆ ಗೊತ್ತಾಗಿದ್ದು ಅರ್ಧ ವರ್ಷದ ಪರೀಕ್ಷೆಯಾದ ಮೇಲೆ. ನಾನು ದಿನಾ ಕೂರಿಸಿಕೊಂಡು ಪಾಠ ಹೇಳಿಕೊಡುವ ಅಪ್ಪನಲ್ಲ. ಟ್ಯೂಷನ್ನಿಗೆ, ಬಸ್ಸಿಗೆ ದುಡ್ಡು ಹೊಂದಿಸುವುದೂ ಕಷ್ಟ. ನನ್ನಂಥವನಿಗೆ ಮಗುವಿನ ಮೇಲೆ ಕಣ್ಣಿಡುವ ಶಾಲೆಯೇ ಬೇಕು. ಮನೆಯಲ್ಲಿ ಓದಿಸುವವರಿದ್ದರೆ ದೊಡ್ಡದಕ್ಕೇ ಹಾಕಿ, ತಪ್ಪಿಲ್ಲ.

ಒಂದು ಮಾತ್ರ ನಾನು ಯೋಚಿಸಿರಲಿಲ್ಲ. ಆ ವರ್ಷ ನನ್ನಂತೆ ಗಾಬರಿಯಾಗಿ ಇನ್ನೂ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿದ್ದರು. ದಾಖಲಾತಿ ಇಳಿಯಿತು. ಶಿಕ್ಷಕರ ಹುದ್ದೆ ಮಕ್ಕಳ ತಲೆ ಎಣಿಸಿ ಕೊಡುವಂಥದ್ದು. ಮಗಳನ್ನು ವಾಪಸ್ ಸೇರಿಸಲು ಹೋದಾಗ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿತ್ತು. ಈಗ ಗಣಿತದವರೇ ಎರಡನ್ನೂ ಹೇಳಿಕೊಡುತ್ತಿದ್ದಾರೆ.