ಕ್ರೀ ಜನರ ನೆಲದ ಕಾಳಜಿ: ಯಾವುದನ್ನು ಮೊದಲು ಓದಬೇಕು?

ಕೆನಡಾದ ಮೂಲನಿವಾಸಿಗಳಾದ ಕ್ರೀ ಜನ ತಮ್ಮ ನೆಲವನ್ನು ತಾವೇ ಅರಿತು ಕಾಯುವ ರೀತಿಯನ್ನು ಓದಬೇಕೆಂದಿದ್ದೀರಾ? ಎರಡು ಒಳ್ಳೆಯ ಉದಾಹರಣೆಗಳಿವೆ.

ಕ್ವಿಬೆಕ್ ಪ್ರಾಂತ್ಯದಲ್ಲಿರುವ ಕ್ರೀ ಜನರ ನಾಡು ಈಯೂ ಇಸ್ಚೀಯಲ್ಲಿ ಸುಮಾರು 300 ಬೇಟೆ ಪ್ರದೇಶಗಳಿವೆ. ಪ್ರತಿಯೊಂದಕ್ಕೂ ಒಬ್ಬ ಟ್ಯಾಲಿಮನ್, ಅಂದರೆ ಉಸ್ತುವಾರಿ. ಎಲ್ಲಿ ಬೇಟೆಯಾಡಬೇಕು, ಎಲ್ಲಿ ಪ್ರಾಣಿಗಳಿಗೆ ಬಿಡುವು ಕೊಡಬೇಕು ಎಂದು ನೋಡಿಕೊಳ್ಳುವುದು ಅವರೇ. ಸರ್ಕಾರದ ಜೊತೆ ಆದ 1975ರ ಜೇಮ್ಸ್ ಬೇ ಒಪ್ಪಂದ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಕ್ವಿಬೆಕ್ ಸರ್ಕಾರದ ಜೊತೆಗಿನ 2002ರ ಇನ್ನೊಂದು ಒಪ್ಪಂದದ ನಂತರ ಮರ ಕಡಿಯುವ ಯೋಜನೆಯನ್ನೂ ಈ ಪ್ರದೇಶಗಳ ಲೆಕ್ಕದಲ್ಲೇ ಮಾಡಬೇಕಾಯಿತು. ಹಕ್ಕು, ಕಾನೂನು ನಿಮ್ಮ ಆಸಕ್ತಿಯಾದರೆ ಇಲ್ಲಿಂದ ಶುರುಮಾಡಿ.

ಅಲ್ಬರ್ಟಾ ಪ್ರಾಂತ್ಯದ ಫೋರ್ಟ್ ಚಿಪೆವಾನ್ ಊರಿನ ಕಥೆ ಬೇರೆ ಥರ. ಅಥಾಬಾಸ್ಕಾ ನದಿಯ ಮೇಲ್ಭಾಗದಲ್ಲಿ ಎಣ್ಣೆ ಮರಳಿನ (ಕಚ್ಚಾ ತೈಲ ಬೆರೆತ ಮರಳು) ಗಣಿಗಳು, ಪೀಸ್ ನದಿಗೆ ಅಣೆಕಟ್ಟು. ಅದಕ್ಕೇ ಅಲ್ಲಿನ ಮಿಕಿಸ್ಯೂ ಕ್ರೀ ಜನ ನೀರಿನ ಆಳವನ್ನು ತಾವೇ ಅಳೆಯುತ್ತಾರೆ. ಬೇಟೆಯ ಜಾಗಕ್ಕೆ ದೋಣಿ ಹೋಗುತ್ತದೆಯೇ ಎಂಬುದು ಅವರ ಮುಖ್ಯ ಪ್ರಶ್ನೆ. 2014ರಲ್ಲಿ ಅವರು ಅಲ್ಲಿನ ವುಡ್ ಬಫಲೋ ರಾಷ್ಟ್ರೀಯ ಉದ್ಯಾನವನ್ನು ಕಾಪಾಡಿ ಎಂದು ಯುನೆಸ್ಕೋಗೂ ಮನವಿ ಕೊಟ್ಟರು.

ನನ್ನನ್ನು ಕೇಳಿದರೆ ಫೋರ್ಟ್ ಚಿಪೆವಾನ್ ಕಥೆಯನ್ನೇ ಮೊದಲು ಓದಿ. ಸಂಶೋಧನೆಯ ಪ್ರಶ್ನೆಯೇ ಜನರ ಬದುಕಿನಿಂದ ಹುಟ್ಟಿದೆ, ಅಲ್ವಾ?