‘ನಾಸ್‌ನಿಂದ ಬೂಟ್’ ಮಾಡಿಸೋರು ಮೊದಲು ಸರ್ವರ್ ಹಿಂದೆ ಕೈ ಹಾಕಿ ನೋಡಿ

ಬರೆಯೋದಾ ಬೇಡ್ವಾ ಅಂತ ಹತ್ತು ದಿನ ಸುಮ್ಮನಿದ್ದೆ. ನಾಚಿಕೆ. ಮುಂಬೈನ ಮಾಟುಂಗಾದಲ್ಲಿ ಹದಿನೆಂಟು ವರ್ಷದಿಂದ ಲೆಕ್ಕಪತ್ರದ ಆಫೀಸು ನಡೆಸುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಹೋಟೆಲಿನವರ ಜಿಎಸ್‌ಟಿ ನಮ್ಮಲ್ಲೇ. ಬೇರೆಯವರ ಬಿಲ್ಲಿನಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆದರೂ ಹಿಡಿಯುವವನು ನಾನು. ಅಂಥವನನ್ನು ಒಂದು ಪೆನ್‌ಡ್ರೈವ್ ಮಂಗ ಮಾಡಿತು.

ಹಳೇ ಸರ್ವರ್ ಕೈಕೊಟ್ಟಾಗ ಪರಿಚಯದವರು ಒಬ್ಬ ಹುಡುಗನನ್ನು ಕಳಿಸಿದರು. ಕುಂದಾಪುರ ಕಡೆಯವನು, ಬೆಣ್ಣೆಯಂಥ ಮಾತು. “ಅಣ್ಣ, ಸರ್ವರ್‌ಗೆ ಡಿಸ್ಕೇ ಬೇಡ. ನಾಸ್ ಡಬ್ಬದಲ್ಲಿ ಎರಡು ಡಿಸ್ಕ್ ಹಾಕುವ, ಒಂದರ ನಕಲು ಇನ್ನೊಂದರಲ್ಲಿ. ಲಿನಕ್ಸ್ ಅಲ್ಲಿಂದಲೇ ಬೂಟ್ ಆಗ್ತದೆ. ಸರ್ವರ್ ಸುಟ್ಟುಹೋದ್ರೂ ನಿಮ್ಮ ಫೈಲ್ ಎಲ್ಲೂ ಹೋಗುದಿಲ್ಲ.” ನಾಸ್ ಅಂದರೆ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಡಬ್ಬ. ಬೂಟ್ ಅಂದರೆ ಆನ್ ಮಾಡಿದಾಗ ಸಿಸ್ಟಮ್ ಎದ್ದು ಶುರುವಾಗೋದು. ಹಾಗೆ ಮಾಡೋಕೆ ಆಗುತ್ತೆ, ಅದು ಸುಳ್ಳಲ್ಲ. ಐಎಸ್‌ಸಿಎಸ್‌ಐ ಅಂತಾರೆ. ನಾಸ್‌ನಲ್ಲಿರುವ ಜಾಗ ಸರ್ವರ್‌ಗೆ ತನ್ನದೇ ಡಿಸ್ಕ್ ತರ ಕಾಣುತ್ತೆ.

ಲ್ಯಾಮಿಂಗ್ಟನ್ ರೋಡಿನಿಂದ ಸೆಕೆಂಡ್‌ಹ್ಯಾಂಡ್ ಸರ್ವರ್ 22,000, ನಾಸ್ ಮತ್ತು ಎರಡು 4 ಟಿಬಿ ಡಿಸ್ಕ್ 41,000, ಅವನ ಕೂಲಿ 12,000. ಬಿಲ್ ಕೇಳಲಿಲ್ಲ. ನಾನು, ಬಿಲ್ ಕೇಳಲಿಲ್ಲ! ಊರಿನ ಹುಡುಗ ಅಲ್ವಾ.

ಎರಡು ತಿಂಗಳು ಓಡಿತು. ನಿಧಾನ ಅಂದರೆ “ನೆಟ್‌ವರ್ಕ್ ಅಲ್ವಾ ಅಣ್ಣ, ಅಷ್ಟಿರ್ತದೆ” ಅಂದ.

ಜುಲೈ 17, ಸೋಮವಾರ. 20ಕ್ಕೆ ಜಿಎಸ್‌ಟಿ ರಿಟರ್ನ್ 3ಬಿ ಕಟ್ಟಬೇಕು. ಸರ್ವರ್ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ‘ಪಿಎಕ್ಸ್‌ಇ-ಇ53: ನೋ ಬೂಟ್ ಫೈಲ್‌ನೇಮ್ ರಿಸೀವ್ಡ್’. ಫೋನ್ ಮಾಡಿದೆ. “ರೀಸ್ಟಾರ್ಟ್ ಮಾಡಿ ನೋಡಿ ಅಣ್ಣ.” ಮಾಡಿದೆ. “ಕೇಬಲ್ ಬದಲಾಯಿಸಿ.” ಬದಲಾಯಿಸಿದೆ. “ನಿಮ್ಮ ಸ್ವಿಚ್ ಸರಿ ಇಲ್ಲ.” 1,800 ಕೊಟ್ಟು ಹೊಸ ನೆಟ್‌ವರ್ಕ್ ಸ್ವಿಚ್ ತಂದೆ. ಮಂಗಳವಾರ “ಮಳೆ ಅಣ್ಣ, ಸಯನ್‌ನಲ್ಲಿ ನೀರು, ಟ್ರೇನೇ ಇಲ್ಲ” ಅಂದ. ಮಾರಾಯ್ರೆ, ನಾನು ಮುಲುಂಡಿನಿಂದ ಅದೇ ಲೈನಿನಲ್ಲಿ ಅದೇ ಬೆಳಿಗ್ಗೆ ಬಂದವನು!

ರಾತ್ರಿ ನಾನೇ ಕೂತು ಓದಿದೆ. ಪಿಎಕ್ಸ್‌ಇ ಅಂದರೆ ನೆಟ್‌ವರ್ಕ್‌ನಿಂದ ಬೂಟ್ ಆಗುವ ದಾರಿ. ಇ53 ಅಂದರೆ ಸರ್ವರ್‌ಗೆ ನೆಟ್‌ವರ್ಕಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಐಪಿ ವಿಳಾಸ ಸಿಕ್ಕಿದೆ, ಯಾವ ಫೈಲಿನಿಂದ ಬೂಟ್ ಆಗಬೇಕು ಅಂತ ಮಾತ್ರ ಯಾರೂ ಹೇಳಿಲ್ಲ. ಅಂದರೆ ಕೇಬಲ್ ಸರಿ ಇತ್ತು, ಸ್ವಿಚ್ಚೂ ಸರಿ ಇತ್ತು. ರೂಟರ್ ತೆರೆದರೆ ಬೂಟ್ ಫೈಲಿನ ಜಾಗ ಖಾಲಿ. ಬೂಟ್ ಫೈಲ್ ಕೊಡುವ ಟಿಎಫ್‌ಟಿಪಿ ಎಲ್ಲೂ ಇಲ್ಲ. ನಾಸ್‌ನಲ್ಲಿ 200 ಜಿಬಿಯ ಟಾರ್ಗೆಟ್ (ಐಎಸ್‌ಸಿಎಸ್‌ಐಗೆ ತೆಗೆದಿಟ್ಟ ಜಾಗ) ಒಂದು ಇತ್ತು, ಅದಕ್ಕೆ ಯಾರೂ ಕನೆಕ್ಟ್ ಆಗಿಲ್ಲ. ಹಾಗಾದರೆ ಎರಡು ತಿಂಗಳು ಇದು ಓಡಿದ್ದು ಎಲ್ಲಿಂದ?

ಬುಧವಾರ ನಮ್ಮ ಆಫೀಸಿನ ಹುಡುಗ ತಲೆ ಕೆರೆಯುತ್ತಾ ಬಂದ. ಡ್ರಾಯರಿನಿಂದ ಉಗುರಿನಷ್ಟು ದೊಡ್ಡ ಕಪ್ಪು ಪೆನ್‌ಡ್ರೈವ್ ತೆಗೆದ. “ಸರ್, ಇದು ಸರ್ವರ್ ಹಿಂದೆ ಇತ್ತು. ಶನಿವಾರ ಸರ್ವರ್ ಬಂದ್ ಮಾಡಿದ ಮೇಲೆ ಝೆರಾಕ್ಸ್‌ಗೆ ಬೇಕು ಅಂತ ಕಿತ್ತೆ. ವಿಂಡೋಸ್‌ಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತು. ಕೆಟ್ಟಿದೆ ಅಂತ ಇಟ್ಬಿಟ್ಟೆ.”

ವಾಪಸ್ ಚುಚ್ಚಿದೆ. ಲಾಗಿನ್ ಬಂತು.

ಕುರ್ಚಿಯಲ್ಲಿ ಕೂತುಬಿಟ್ಟೆ. ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಹಾಕಿದರೆ ಇರೋದು ಒಂದೇ ಡಿಸ್ಕ್, 32 ಜಿಬಿ, ಪಕ್ಕದಲ್ಲಿ ‘ಯುಎಸ್‌ಬಿ’. ಲಿನಕ್ಸ್ ಅದರಲ್ಲಿ, ಅರವತ್ತು ಗಿರಾಕಿಗಳ ಫೈಲೂ ಅದರಲ್ಲೇ. 41,000ದ ನಾಸ್ ಪಕ್ಕದಲ್ಲಿ ನೀಲಿ ದೀಪ ಮಿನುಗಿಸುತ್ತಾ ಸುಮ್ನೆ ಕೂತಿತ್ತು. ಆಫೀಸಿನ ಹುಡುಗ ಶನಿವಾರ ‘ಫಾರ್ಮ್ಯಾಟ್’ ಒತ್ತಿದ್ದರೆ?

ಫೋನ್ ಮಾಡಿದೆ. “ಅಣ್ಣ, ಕರ್ನಲ್ ಮಾತ್ರ ಪೆನ್‌ಡ್ರೈವ್‌ನಲ್ಲಿ, ಉಳಿದದ್ದೆಲ್ಲ ನಾಸ್‌ನಲ್ಲೇ.” ಕರ್ನಲ್ ಅಂದರೆ ಲಿನಕ್ಸಿನ ತಿರುಳು. ಹಾಗೂ ಮಾಡ್ತಾರೆ, ಅದಕ್ಕೇ ಒಂದು ಕ್ಷಣ ನಂಬಿದೆ ಕೂಡ. ಪರದೆಯ ಫೋಟೋ ಕಳಿಸಿದೆ. “ಅದು ಟೆಂಪರರಿ ಅಣ್ಣ.” ಎರಡು ತಿಂಗಳು ಟೆಂಪರರಿಯಾ? “ನೀವು ಕೇಳ್ಲಿಲ್ಲ ಅಲ್ವಾ.” ನಾನು ಕೇಳಲಿಲ್ಲವಂತೆ! ಆಮೇಲೆ ಬರೀ ನೀಲಿ ಟಿಕ್.

ಪುಣೆಯಿಂದ ಅಕ್ಕನ ಮಗ ಬಂದು ಒಂದು ಭಾನುವಾರದಲ್ಲಿ ನಿಜವಾಗಿ ನಾಸ್‌ನಿಂದ ಬೂಟ್ ಮಾಡಿಸಿದ. ಅವನಿಗೂ ಮೊದಲ ಸಲ ‘ಇನಿಟ್‌ರಾಮ್‌ಎಫ್‌ಎಸ್’ (ಬೂಟ್‌ನ ಮೊದಲ ಹಂತದ ಪುಟ್ಟ ವ್ಯವಸ್ಥೆ) ಪ್ರಾಂಪ್ಟ್‌ಗೆ ಬಂದು ನಿಂತಿತು. ಡೆಬಿಯನ್ ಲಿನಕ್ಸ್‌ನಲ್ಲಿ ಐಎಸ್‌ಸಿಎಸ್‌ಐ ಅನ್ನು ಅದರೊಳಗೆ ಸೇರಿಸಿ ಮತ್ತೆ ಕಟ್ಟಬೇಕಂತೆ. ಸೇರಿಸಿದ, ಎದ್ದಿತು. ಇಷ್ಟೇ ಕೆಲಸ. ಇದಕ್ಕೇ 12,000 ಕೊಟ್ಟಿದ್ದು ನಾನು.

ಇಂಥ ಕೆಲಸ ಮಾಡಿಸಿದರೆ, ಕೊನೇ ಕಂತು ಕೊಡುವ ಮೊದಲು ಯಾರೂ ಕೆಲಸ ಮಾಡದ ಹೊತ್ತಲ್ಲಿ ಅವನ ಎದುರೇ ಸರ್ವರ್ ಬಂದ್ ಮಾಡಿಸಿ. ಹಿಂದೆ ಚುಚ್ಚಿದ್ದೆಲ್ಲ ಕೀಳಿಸಿ, ಪವರ್ ಮತ್ತು ನೆಟ್‌ವರ್ಕ್ ಕೇಬಲ್ ಮಾತ್ರ ಇರಲಿ. ಈಗ ಆನ್ ಮಾಡು ಅನ್ನಿ. ಮುಖ ನೋಡಿ. ಮತ್ತೆ, ಊರಿನವನಾದರೂ ಬಿಲ್ ತಗೊಳ್ಳಿ.

ದುಡ್ಡು ಬಂದಿಲ್ಲ. ನಿನ್ನೆ ಮಾತ್ರ ಮೆಸೇಜ್ ಬಂತು: “ಅಣ್ಣ, ಆ ಪೆನ್‌ಡ್ರೈವ್ ನಂದು. ಕೆಲಸ ಆಗಿದ್ರೆ ವಾಪಸ್ ಕೊಡ್ತೀರಾ?”