ಇಂಟರ್‌ಫೆರಾನ್ ಪ್ರಯೋಗಕ್ಕೆ ಯಾವ ಕೃತಕ ಆರ್‌ಎನ್‌ಎ: ಪಾಲಿ ಐ:ಸಿ, ಟಿ7 ಆರ್‌ಎನ್‌ಎ, ಟ್ರೈಫಾಸ್ಫೇಟ್ ಹೇರ್‌ಪಿನ್

ಜೀವಕೋಶವು ಇಂಟರ್‌ಫೆರಾನ್ (ವೈರಸ್ಸಿನ ವಿರುದ್ಧ ಎಚ್ಚರಿಸುವ ಪ್ರೋಟೀನ್) ತಯಾರಿಕೆಯನ್ನು ಹೇಗೆ ಆರಂಭಿಸುತ್ತದೆ, ಎಷ್ಟಕ್ಕೆ ನಿಲ್ಲಿಸುತ್ತದೆ ಎಂದು ತಿಳಿಯಬೇಕಾದರೆ ವೈರಸ್ಸಿಗಿಂತ ಕೃತಕ ಆರ್‌ಎನ್‌ಎ ಬಳಸುವುದು ಮೇಲು. ವೈರಸ್ಸು ತನ್ನದೇ ಪ್ರೋಟೀನುಗಳಿಂದ ಕೋಶದ ಸಂಕೇತಗಳಿಗೆ ಅಡ್ಡಗಾಲು ಹಾಕುತ್ತದೆ. ಕೃತಕ ಆರ್‌ಎನ್‌ಎಯಲ್ಲಿ ಆ ತೊಡಕಿಲ್ಲ. ಆದರೆ ಕೃತಕ ಆರ್‌ಎನ್‌ಎಗಳಲ್ಲೂ ಬಗೆಗಳಿವೆ. ಪಾಲಿ ಐ:ಸಿ (ಇನೋಸಿನ್ ಎಳೆ ಮತ್ತು ಸೈಟಿಡಿನ್ ಎಳೆ ಜೋಡಿಯಾದ ಆರ್‌ಎನ್‌ಎ), ಟಿ7 ಪಾಲಿಮರೇಸ್ ಎಂಬ ಕಿಣ್ವ ಬಳಸಿ ಪ್ರಯೋಗಾಲಯದಲ್ಲೇ ಮಾಡಿಕೊಳ್ಳುವ ಆರ್‌ಎನ್‌ಎ, ರಾಸಾಯನಿಕವಾಗಿ ಸಂಶ್ಲೇಷಿಸಿದ ಟ್ರೈಫಾಸ್ಫೇಟ್ ಹೇರ್‌ಪಿನ್ (ತುದಿಯಲ್ಲಿ ಮೂರು ಫಾಸ್ಫೇಟ್ ಇರುವ, ತನ್ನ ಮೇಲೆಯೇ ಮಡಚಿಕೊಂಡ ಗಿಡ್ಡ ಆರ್‌ಎನ್‌ಎ) – ಈ ಮೂರನ್ನೂ ನಾನು ಬಳಸಿ ನೋಡಿದ್ದೇನೆ. ನನ್ನ ಒಲವು ಹೇರ್‌ಪಿನ್ ಕಡೆಗಿದೆ. ಆ ಒಲವು ಹುಟ್ಟಿದ್ದು ಪಾಲಿ ಐ:ಸಿಯ ಒಂದು ಖರೀದಿಯಿಂದ.

ಪಾಲಿ ಐ:ಸಿಗೆ ದೊಡ್ಡ ಇತಿಹಾಸವಿದೆ. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡನ್‌ಮನ್ 1957ರಲ್ಲಿ ಇಂಟರ್‌ಫೆರಾನನ್ನು ಗುರುತಿಸಿದ ಹತ್ತು ವರ್ಷಗಳ ನಂತರ, 1967ರಲ್ಲಿ, ಮಾರಿಸ್ ಹಿಲ್‌ಮನ್ ಅವರ ತಂಡವು ಈ ಎರಡೆಳೆಯ ಆರ್‌ಎನ್‌ಎ ಇಂಟರ್‌ಫೆರಾನನ್ನು ಹೊಮ್ಮಿಸುತ್ತದೆಂದು ತೋರಿಸಿತು. ಇಂದಿಗೂ ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಮೊದಲು ಕೊಳ್ಳುವುದು ಇದನ್ನೇ. ಸುಲಭವಾಗಿ ಸಿಗುತ್ತದೆ, ಅಗ್ಗ, ಪ್ರತಿಕ್ರಿಯೆ ಜೋರಾಗಿರುತ್ತದೆ.

ಆದರೆ ಆ ಪ್ರತಿಕ್ರಿಯೆ ಯಾವ ರಿಸೆಪ್ಟರಿನಿಂದ (ಆರ್‌ಎನ್‌ಎಯನ್ನು ಗುರುತಿಸುವ ಪ್ರೋಟೀನಿನಿಂದ) ಬಂತು ಎಂದು ಕೇಳಿದೊಡನೆ ಕಷ್ಟ ಶುರುವಾಗುತ್ತದೆ. ಕಲ್ಚರ್ ಮೀಡಿಯಂಗೆ ಹಾಗೆಯೇ ಸೇರಿಸಿದ ಪಾಲಿ ಐ:ಸಿಯನ್ನು ಕೋಶದ ಪುಟ್ಟ ಚೀಲದಂಥ ಎಂಡೋಸೋಮಿನೊಳಗಿನ ಟಿಎಲ್‌ಆರ್3 ಎಂಬ ರಿಸೆಪ್ಟರ್ ಗುರುತಿಸುತ್ತದೆ. ಲಿಪಿಡ್ ಜೊತೆ ಟ್ರಾನ್ಸ್‌ಫೆಕ್ಟ್ ಮಾಡಿ ಸೈಟೋಪ್ಲಾಸಮ್ಮಿಗೆ ಇಳಿಸಿದರೆ ಎಂಡಿಎ5 ಮತ್ತು ರಿಗ್-ಐ ಎಂಬ ರಿಸೆಪ್ಟರುಗಳು ಗುರುತಿಸುತ್ತವೆ. ಉದ್ದದ ಎರಡೆಳೆಯನ್ನು ಎಂಡಿಎ5 ಹಿಡಿಯುತ್ತದೆ, ಗಿಡ್ಡನೆಯದನ್ನು ರಿಗ್-ಐ ಹಿಡಿಯುತ್ತದೆ. ಉದ್ದದ ಪಾಲಿ ಐ:ಸಿಯನ್ನು ಆರ್‌ಎನ್‌ಏಸ್ III ಕಿಣ್ವದಿಂದ ಕತ್ತರಿಸಿ ಗಿಡ್ಡ ಮಾಡಿದರೆ ಅದು ರಿಗ್-ಐ ಪಾಲಾಗುತ್ತದೆಂದು 2008ರಲ್ಲೇ ಪ್ರಕಟವಾಗಿದೆ. ಎಂದರೆ ಪಾಲಿ ಐ:ಸಿಯ ಉದ್ದ ಬದಲಾದರೆ ಪ್ರಯೋಗದ ಪ್ರಶ್ನೆಯೇ ಬದಲಾಗುತ್ತದೆ.

ನನಗೆ ಎದುರಾದ ತೊಂದರೆ ಇದೇ. ಇಲಿ ಭ್ರೂಣದ ಫೈಬ್ರೋಬ್ಲಾಸ್ಟ್‌ಗಳಲ್ಲಿ ಎಂಡಿಎ5 ಇಲ್ಲದ ಕೋಶಗಳನ್ನು ಸಾಮಾನ್ಯ ಕೋಶಗಳ ಜೊತೆ ಹೋಲಿಸುತ್ತಿದ್ದೆವು. ಪಾಲಿ ಐ:ಸಿಯ ಹಳೆಯ ಲಾಟ್ (ಒಂದೇ ಸಲಕ್ಕೆ ತಯಾರಾದ ಸರಕು) ಬಳಸಿದಷ್ಟು ಕಾಲ, ಎಂಡಿಎ5 ಇಲ್ಲದ ಕೋಶಗಳು ಟ್ರಾನ್ಸ್‌ಫೆಕ್ಟ್ ಮಾಡಿದ ಪಾಲಿ ಐ:ಸಿಗೆ ಬಹುಮಟ್ಟಿಗೆ ಸುಮ್ಮನಿದ್ದವು. ಅದು ಮುಗಿದ ಮೇಲೆ ಅದೇ ಮಾರಾಟಗಾರರಿಂದ, ಅದೇ ಕ್ಯಾಟಲಾಗ್ ಸಂಖ್ಯೆಯ, ‘ಹೆಚ್ಚು ಅಣುತೂಕ’ ಎಂದೇ ಲೇಬಲ್ ಇದ್ದ ಹೊಸ ಲಾಟ್ ಬಂತು. ಅದನ್ನು ಕೊಟ್ಟಾಗ ಅದೇ ಕೋಶಗಳು ಇಂಟರ್‌ಫೆರಾನ್-ಬೀಟಾ ತಯಾರಿಸತೊಡಗಿದವು. ಕೋಶಗಳಲ್ಲಿ ಮೈಕೋಪ್ಲಾಸ್ಮಾ ಸೋಂಕಿರಲಿಲ್ಲ, ಎಂಡಿಎ5 ಮರಳಿ ಬಂದಿರಲಿಲ್ಲ, ಟ್ರಾನ್ಸ್‌ಫೆಕ್ಷನ್ ಲಿಪಿಡ್ ಕೂಡ ಬದಲಾಗಿರಲಿಲ್ಲ. ಕೊನೆಗೆ ಎರಡೂ ಲಾಟ್‌ಗಳನ್ನು ಅಗರೋಸ್ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸಿದಾಗ ಕಾರಣ ಕಣ್ಣಿಗೆ ಬಿತ್ತು: ಹಳೆಯದು ಜೆಲ್‌ನ ಬಾವಿಯ (ಮಾದರಿ ಹಾಕುವ ಕುಳಿಯ) ಹತ್ತಿರವೇ ದಟ್ಟವಾಗಿ ನಿಂತಿತ್ತು, ಹೊಸದು ಅಲ್ಲಿಂದ ಕೆಳಗಿಳಿದು, ಸಾವಿರ ಬೇಸ್ ಜೋಡಿಯ ಗುರುತನ್ನೂ ದಾಟಿ, ಉದ್ದನೆಯ ಮಬ್ಬು ಪಟ್ಟೆಯಾಗಿ ಹರಡಿಕೊಂಡಿತ್ತು. ಆ ಬಾಲದ ಭಾಗವೇ ರಿಗ್-ಐಯನ್ನು ಎಬ್ಬಿಸುತ್ತಿತ್ತು.

ಇದಕ್ಕೆ ಮೂಲ ಕಾರಣ ತಯಾರಿಕೆಯ ವಿಧಾನದಲ್ಲೇ ಇದೆ. ಇನೋಸಿನ್ ಎಳೆಯನ್ನೂ ಸೈಟಿಡಿನ್ ಎಳೆಯನ್ನೂ ಪಾಲಿನ್ಯೂಕ್ಲಿಯೋಟೈಡ್ ಫಾಸ್ಫೊರಿಲೇಸ್ ಎಂಬ ಕಿಣ್ವ ಬೇರೆಬೇರೆಯಾಗಿ ಬೆಳೆಸುತ್ತದೆ. ಅದಕ್ಕೆ ಅಚ್ಚು ಬೇಕಿಲ್ಲ; ಹಾಗಾಗಿ ಎಳೆ ಎಲ್ಲಿ ನಿಲ್ಲಬೇಕೆಂಬ ಗೊತ್ತುಗುರಿಯೂ ಇಲ್ಲ. ಅದು ಡೈಫಾಸ್ಫೇಟ್ ನ್ಯೂಕ್ಲಿಯೋಟೈಡ್‌ಗಳನ್ನು ಬಳಸುವುದರಿಂದ ಎಳೆಯ ಆರಂಭದ ತುದಿಯಲ್ಲಿ ಡೈಫಾಸ್ಫೇಟ್ ಉಳಿಯಬಹುದು, ಮತ್ತು ರಿಗ್-ಐ ಟ್ರೈಫಾಸ್ಫೇಟನ್ನು ಮಾತ್ರವಲ್ಲದೆ ಡೈಫಾಸ್ಫೇಟನ್ನೂ ಗುರುತಿಸುತ್ತದೆಂದು 2014ರಲ್ಲಿ ಗೊತ್ತಾಯಿತು. ಇದರ ಮೇಲೆ, ಉದ್ದಕ್ಕೂ ಒಂದೇ ಬೇಸ್ ಇರುವ ಎಳೆಗಳು ಎಲ್ಲಿಂದ ಬೇಕಾದರೂ ಜೋಡಿಯಾಗಬಲ್ಲವು. ಒಂದು ಎಳೆಯ ಮಿಕ್ಕ ತುದಿಗೆ ಮತ್ತೊಂದು ಅಂಟಿಕೊಂಡು ಬಲೆಯಂಥ ಗುಡ್ಡೆ ಬೆಳೆಯುತ್ತದೆ. ಪುಡಿಯನ್ನು ಕರಗಿಸಿದ ಮೇಲೆ ಬಿಸಿ ಮಾಡಿ ಎಷ್ಟು ನಿಧಾನವಾಗಿ ತಣಿಸಿದೆವು ಎಂಬುದು ಕೂಡ ಈ ಗುಡ್ಡೆಯ ಗಾತ್ರವನ್ನು ಬದಲಾಯಿಸುತ್ತದೆ. ಮಾರಾಟಗಾರರಿಗೆ ಜೆಲ್ ಚಿತ್ರ ಕಳಿಸಿದಾಗ, ಆ ಲಾಟ್ ತಮ್ಮ ನಿಗದಿತ ಮಿತಿಯೊಳಗೇ ಇದೆ ಎಂಬ ಉತ್ತರ ಬಂತು. ಅವರ ಮಿತಿ ಅಷ್ಟು ಅಗಲವಾಗಿದ್ದರೆ ಅದನ್ನು ಲೇಬಲ್ ಮೇಲೆ ಸ್ಪಷ್ಟವಾಗಿ ಅಚ್ಚು ಹಾಕಬೇಕು ಎಂಬುದು ನನ್ನ ದೂರು, ಮತ್ತು ಆ ದೂರು ಇನ್ನೂ ಹಾಗೆಯೇ ಇದೆ.

ಪಾಲಿ ಐ:ಸಿಯ ಇನ್ನೊಂದು ತೊಡಕೂ ಸಣ್ಣದಲ್ಲ. ಉದ್ದದ ಎರಡೆಳೆಯು ಇಂಟರ್‌ಫೆರಾನ್ ದಾರಿಯ ಜೊತೆಗೆ ಪಿಕೆಆರ್ ಕಿಣ್ವವನ್ನೂ ಎಬ್ಬಿಸುತ್ತದೆ. ಪಿಕೆಆರ್ ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತದೆ. ಆಗ ಕ್ಯೂ-ಪಿಸಿಆರ್‌ನಲ್ಲಿ ಇಂಟರ್‌ಫೆರಾನ್-ಬೀಟಾದ ಎಂಆರ್‌ಎನ್‌ಎ ಏರಿರುತ್ತದೆ, ಎಲೈಸಾದಲ್ಲಿ ಪ್ರೋಟೀನ್ ಅದಕ್ಕೆ ತಕ್ಕಂತೆ ಏರಿರುವುದಿಲ್ಲ. ನಿಯಂತ್ರಣದ ಬಗ್ಗೆಯೇ ಅಧ್ಯಯನ ಮಾಡುವವರು ಈ ಅಂತರವನ್ನು ಕಂಡು ಹೊಸ ನಿಯಂತ್ರಣ ಸಿಕ್ಕಿತೆಂದು ಭಾವಿಸುವ ಅಪಾಯವಿದೆ.

ಟಿ7 ಆರ್‌ಎನ್‌ಎ ಬಹಳ ಅಗ್ಗ. ಡಿಎನ್‌ಎ ಅಚ್ಚು, ಕಿಣ್ವ, ನಾಲ್ಕು ನ್ಯೂಕ್ಲಿಯೋಟೈಡ್ ಇದ್ದರೆ ಸಾಕು. ಎಳೆಯ ತುದಿಗೆ ಟ್ರೈಫಾಸ್ಫೇಟ್ ತಾನಾಗಿಯೇ ಬರುತ್ತದೆ. ಆದರೆ ಟಿ7 ಪಾಲಿಮರೇಸ್ ಕೇಳಿದ್ದಷ್ಟನ್ನೇ ಮಾಡುವ ಕಿಣ್ವವಲ್ಲ. ಎಳೆಯ ಕೊನೆಗೆ ಬಂದು ಅದೇ ಎಳೆಯನ್ನು ಅಚ್ಚಾಗಿ ಹಿಡಿದು ಹಿಂದಕ್ಕೆ ನಕಲು ಮಾಡುವುದರಿಂದ ಎರಡೆಳೆಯ ಉಪೋತ್ಪನ್ನ ಸೇರಿಕೊಳ್ಳುತ್ತದೆ. ಒಂಟಿ ಎಳೆಯ ಟ್ರೈಫಾಸ್ಫೇಟ್ ರಿಗ್-ಐಗೆ ಸಾಕೆಂಬ 2006ರ ತಿಳಿವಳಿಕೆ 2009ರಲ್ಲಿ ತಿದ್ದುಪಡಿಯಾದದ್ದು ಇದೇ ಕಾರಣಕ್ಕೆ: ರಾಸಾಯನಿಕವಾಗಿ ಮಾಡಿದ ಶುದ್ಧ ಒಂಟಿ ಎಳೆ ರಿಗ್-ಐಯನ್ನು ಎಬ್ಬಿಸಲಿಲ್ಲ, ತುದಿಯಲ್ಲಿ ಎರಡೆಳೆ ಇದ್ದರಷ್ಟೇ ಎಬ್ಬಿಸಿತು. ಎಂಆರ್‌ಎನ್‌ಎ ಲಸಿಕೆಯ ಹಿಂದಿನ ಕೆಲಸಕ್ಕಾಗಿ 2023ರಲ್ಲಿ ನೊಬೆಲ್ ಪಡೆದ ಕಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಕೂಡ ಬೇಸ್‌ಗಳನ್ನು ಮಾರ್ಪಡಿಸಿದ್ದಲ್ಲದೆ, ಇಂಥ ಎರಡೆಳೆ ಕಲ್ಮಶವನ್ನು ಎಚ್‌ಪಿಎಲ್‌ಸಿ ಎಂಬ ಬೇರ್ಪಡಿಸುವ ವಿಧಾನದಿಂದ ತೆಗೆಯಬೇಕಾಯಿತು. ಸೆಲ್ಯುಲೋಸ್ ಪುಡಿಯಿಂದ ಶುದ್ಧಿ ಮಾಡುವ ಸರಳ ವಿಧಾನವೂ ಇದೆ, ಚೆನ್ನಾಗಿಯೇ ನಡೆಯುತ್ತದೆ. ಆದರೂ ಪ್ರತಿ ಬ್ಯಾಚಿಗೂ ಅದನ್ನು ಮಾಡಿ, ಪರೀಕ್ಷಿಸಿ, ತುದಿಯ ಫಾಸ್ಫೇಟ್ ಕಳಚುವ ಫಾಸ್ಫಟೇಸ್ ಕಿಣ್ವ ಹಾಕಿದ ಜೋಡಿ ಮಾದರಿಯನ್ನೂ ಇಡುವ ಹೊತ್ತಿಗೆ ಅಗ್ಗವೆಂಬ ಅನುಕೂಲ ಅರ್ಧ ಕರಗಿರುತ್ತದೆ.

ಹೇರ್‌ಪಿನ್ ದುಬಾರಿ. ಲಿಪಿಡ್ ಇಲ್ಲದೆ ಕೋಶದೊಳಗೆ ಹೋಗುವುದಿಲ್ಲ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ತುದಿಯ ಟ್ರೈಫಾಸ್ಫೇಟ್ ಕಳಚಬಹುದು; ಸಣ್ಣ ಪಾಲುಗಳಾಗಿ ಹಂಚಿಡಬೇಕು.

ಆದರೆ ಅದರ ಉದ್ದ, ಅನುಕ್ರಮ, ತುದಿ ಮೂರೂ ಖಚಿತ. ತನ್ನ ಮೇಲೆಯೇ ಮಡಚಿಕೊಂಡು ನಿಂತ ಗಿಡ್ಡ ಎರಡೆಳೆ, ಒಂದೇ ಮೊಂಡು ತುದಿ, ಅಲ್ಲಿ ಟ್ರೈಫಾಸ್ಫೇಟ್. ಎಂಡಿಎ5 ಹಿಡಿಯುವಷ್ಟು ಉದ್ದವಿಲ್ಲ. ಪಿಕೆಆರ್‌ಗೆ ಸಾಮಾನ್ಯವಾಗಿ ಬೇಕಾಗುವ ಸುಮಾರು 30 ಬೇಸ್ ಜೋಡಿಗಿಂತ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಟ್ರೈಫಾಸ್ಫೇಟ್ ಇಲ್ಲದ ಅದೇ ಹೇರ್‌ಪಿನ್ ಕೂಡ ಸಿಗುತ್ತದೆ. ಎರಡನ್ನೂ ಒಂದೇ ಲಿಪಿಡ್‌ನಲ್ಲಿ, ಒಂದೇ ಪ್ರಮಾಣದಲ್ಲಿ ಕೊಟ್ಟು, ಒಂದರಲ್ಲಿ ಮಾತ್ರ, ಇಂಟರ್‌ಫೆರಾನ್ ಜೀನನ್ನು ಚಾಲೂ ಮಾಡುವ ಐಆರ್‌ಎಫ್3 ಪ್ರೋಟೀನ್ ಫಾಸ್ಫೇಟ್ ಪಡೆದು ನ್ಯೂಕ್ಲಿಯಸ್ಸಿಗೆ ಹೋಗುವುದನ್ನು ನೋಡಿದಾಗ ಅದು ರಿಗ್-ಐಯದೇ ಉತ್ತರವೆಂದು ಧೈರ್ಯವಾಗಿ ಹೇಳಬಹುದು. ಇಷ್ಟು ನಿಖರವಾದ ಕಂಟ್ರೋಲ್ ಉಳಿದೆರಡರಲ್ಲೂ ನನಗೆ ಸಿಕ್ಕಿಲ್ಲ.

ನಿಯಂತ್ರಣದ ಹಂತಗಳನ್ನು ಬಿಡಿಸಿ ನೋಡಲು ಈ ಖಚಿತತೆ ಬಹಳ ನೆರವಾಗುತ್ತದೆ. ರಿಗ್-ಐಯಿಂದ ಮೈಟೊಕಾಂಡ್ರಿಯಾದ ಮೇಲಿನ ಎಂಎವಿಎಸ್, ಅಲ್ಲಿಂದ ಟಿಬಿಕೆ1, ಅಲ್ಲಿಂದ ಐಆರ್‌ಎಫ್3 – ಸಂಕೇತ ಹೀಗೆ ಪ್ರೋಟೀನಿನಿಂದ ಪ್ರೋಟೀನಿಗೆ ಸಾಗಿ ಬರುವುದು ಮೊದಲ ಅಲೆ, ಮುಖ್ಯವಾಗಿ ಇಂಟರ್‌ಫೆರಾನ್-ಬೀಟಾ. ಆ ಇಂಟರ್‌ಫೆರಾನ್ ಕೋಶದ ಹೊರಗಿನಿಂದ ಮತ್ತೆ ತಾಗಿ, ಐಆರ್‌ಎಫ್3ರ ಬಳಗದ್ದೇ ಆದ ಐಆರ್‌ಎಫ್7 ಅನ್ನು ಹೆಚ್ಚಿಸಿ ಎರಡನೆಯ ಅಲೆಯನ್ನು ತರುತ್ತದೆ. ಇಂಟರ್‌ಫೆರಾನ್ ರಿಸೆಪ್ಟರ್ ಇಲ್ಲದ ಕೋಶಗಳಿಗೆ ಹೇರ್‌ಪಿನ್ ಕೊಟ್ಟಾಗ ಮೊದಲ ಅಲೆ ಮಾತ್ರ ಉಳಿದು ಗ್ರಾಫ್‌ನಲ್ಲಿ ನಿಚ್ಚಳವಾಗಿ ಕಾಣುತ್ತದೆ. ಇಳಿಮುಖದ ಭಾಗವೂ ಹಾಗೆಯೇ: ಎಸ್‌ಒಸಿಎಸ್1 ಮತ್ತು ಯುಎಸ್‌ಪಿ18 ಎಂಬ ಪ್ರೋಟೀನುಗಳು ಇಂಟರ್‌ಫೆರಾನ್ ರಿಸೆಪ್ಟರಿನ ಸಂಕೇತವನ್ನು ತಗ್ಗಿಸುತ್ತವೆ, ಇಂಟರ್‌ಫೆರಾನ್-ಬೀಟಾದ ಎಂಆರ್‌ಎನ್‌ಎ ತಾನಾಗಿಯೇ ಬೇಗ ನಾಶವಾಗುತ್ತದೆ. ಪ್ರೋಟೀನ್ ತಯಾರಿಕೆಯನ್ನು ಸೈಕ್ಲೊಹೆಕ್ಸಿಮೈಡ್‌ನಿಂದ ತಡೆದರೆ ಈ ಎಂಆರ್‌ಎನ್‌ಎ ಕಡಿಮೆಯಾಗದೆ ಹೆಚ್ಚಾಗುತ್ತದೆ ಎಂಬುದು ಪಾಲಿ ಐ:ಸಿ ಕಾಲದ ಹಳೆಯ, ಸುಂದರವಾದ ಶೋಧ. ಕಡಿವಾಣ ಹಾಕುವ ಪ್ರೋಟೀನುಗಳನ್ನು ಕೋಶ ಆಗಿಂದಾಗಲೇ ತಯಾರಿಸುತ್ತದೆಂದು ಅದು ಸೂಚಿಸಿತು.

ಹೇರ್‌ಪಿನ್ ಎಲ್ಲರಿಗೂ ಹೊಂದುವುದಿಲ್ಲ. ಎಂಡಿಎ5 ಬಗ್ಗೆ ಅದು ಏನೂ ಹೇಳಲಾರದು. ಎರಡೆಳೆ ಆರ್‌ಎನ್‌ಎಯನ್ನು ತಿದ್ದುವ ಎಡಿಎಆರ್1 ಕಿಣ್ವ ಇಲ್ಲದ ಕೋಶದಲ್ಲಿ ಸ್ವಂತ ಆರ್‌ಎನ್‌ಎಯೇ ಎಂಡಿಎ5 ಅನ್ನು ಕೆರಳಿಸುವಂಥ ವಿಷಯವನ್ನು ಹಿಡಿದವರು ಉದ್ದದ ಪಾಲಿ ಐ:ಸಿಯನ್ನೇ ಕೊಳ್ಳಬೇಕು, ಮತ್ತು ಇಡೀ ಅಧ್ಯಯನಕ್ಕೆ ಆಗುವಷ್ಟನ್ನು ಒಂದೇ ಲಾಟ್‌ನಲ್ಲಿ ತರಿಸಿ, ಜೆಲ್ ಓಡಿಸಿ, ಒಮ್ಮೆಗೇ ಬಿಸಿ ಮಾಡಿ ತಣಿಸಿ ಹಂಚಿಡಬೇಕು. ಟಿಎಲ್‌ಆರ್3 ಬೇಕಾದವರು ಮ್ಯಾಕ್ರೊಫೇಜ್‌ಗಳಿಗೆ ಅದನ್ನು ಲಿಪಿಡ್ ಇಲ್ಲದೆ ಕೊಟ್ಟರೆ ಸಾಕು.

ನಾನು ಒಂದೇ ಪ್ರಯೋಗವನ್ನು ತಿಂಗಳುಗಟ್ಟಲೆ ಅಂತರದಲ್ಲಿ ಮತ್ತೆ ಮತ್ತೆ ಮಾಡುವವನು. ನನಗೆ ಇಂದಿನ ಗ್ರಾಫ್ ಹಿಂದಿನದರ ಮೇಲೆ ಕೂರಬೇಕು. ಹಣ ಸೀಮಿತ. ಹಾಗಾಗಿ ಅಳತೆ ಹೊಂದಿಸುವ ಆರಂಭದ ಪರೀಕ್ಷೆಗಳಿಗೂ ಹೊಸಬರ ಕಲಿಕೆಗೂ ಸೆಲ್ಯುಲೋಸ್‌ನಿಂದ ಶುದ್ಧಿ ಮಾಡಿದ ಟಿ7 ಆರ್‌ಎನ್‌ಎ ಬಳಸುತ್ತೇನೆ, ಪ್ರಕಟಣೆಗೆ ಹೋಗುವ ಪ್ರಯೋಗಗಳಿಗೆ ಮಾತ್ರ ಹೇರ್‌ಪಿನ್ ತೆಗೆಯುತ್ತೇನೆ. 96 ಬಾವಿಗಳ ತಟ್ಟೆಯಲ್ಲಿ ಪ್ರತಿ ಬಾವಿಗೆ ಬೇಕಾಗುವುದು ನ್ಯಾನೋಗ್ರಾಂಗಳಷ್ಟೇ ಆದ್ದರಿಂದ ಒಂದು ಸಣ್ಣ ಕೊಳವೆ ಬಹಳ ದಿನ ಬರುತ್ತದೆ. ಪಾಲಿ ಐ:ಸಿಯ ಆ ಹೊಸ ಲಾಟ್ ಇನ್ನೂ ಫ್ರೀಜರಿನಲ್ಲಿದೆ. ರಿಗ್-ಐ ಮತ್ತು ಎಂಡಿಎ5 ಎರಡನ್ನೂ ಒಟ್ಟಿಗೆ ಎಬ್ಬಿಸುವ ಪಾಸಿಟಿವ್ ಕಂಟ್ರೋಲ್ ಬೇಕಾದಾಗ ಅದನ್ನು ಬಳಸುತ್ತೇನೆ.